ಕಟಾಂಜನದ ಈಚೆ

ಟೀವಿಯಲ್ಲಿ ಯಾರದೋ ಹೆಬ್ಬೆರಳು, ದಪ್ಪ, ಮಹಾಮುನಿ ಬುದ್ಧನ ಮಂಡಿಗೆ ಚಿನ್ನದ ರೇಕು ಒತ್ತುತ್ತಿದೆ — ಕೋ ಲ್ವಿನ್‌ನದಲ್ಲ, ಗಂಡನ ಬೆರಳು ಅವಳಿಗೆ ಗೊತ್ತಾಗದೆ ಇರುತ್ತದೆಯೇ, ಅವನಿನ್ನೂ ಸಾಲಿನಲ್ಲಿದ್ದಾನೆ, ಗಂಡಸರ ಸಾಲು, ಹೆಂಗಸರು ಕಟಾಂಜನದ ಈಚೆ ಚಾಪೆಯ ಮೇಲೆ ಕೂತು ಟೀವಿ ನೋಡಬೇಕು, ನ್ವೇ ಸಿನ್ ಹತ್ತೊಂಬತ್ತು ವರ್ಷದಿಂದ ನೋಡುತ್ತಿದ್ದಾಳೆ, ಆ ಮೈಮೇಲಿನ ಚಿನ್ನದಲ್ಲಿ ಅವಳ ಕೈಯಿಂದ ಹೋದದ್ದು ಎಷ್ಟಿದೆಯೋ, ಮುಟ್ಟಿದ್ದು ಮಾತ್ರ ಇಲ್ಲ. ಇಲ್ಲಿ ಫ್ಯಾನಾದರೂ ಇದೆ, ಅತ್ತೆಮನೆಯಲ್ಲಿ ರೇಕನ್ನು ಕಾಗದದಲ್ಲಿಟ್ಟು ಮಡಚುವ ಕೋಣೆಯಲ್ಲಿ ಫ್ಯಾನಿಲ್ಲ, ಕಿಟಕಿ ತೆರೆಯುವ ಹಾಗಿಲ್ಲ, ಗಾಳಿ ಬಂದರೆ ರೇಕು ಹಾರುತ್ತದೆ, ಸೀನಬಾರದು, ಮಾತಾಡಬಾರದು, ಮದುವೆಯಾದ ಮೂರನೇ ದಿನ ಅವಳು ಏನಕ್ಕೋ ನಕ್ಕುಬಿಟ್ಟಿದ್ದಳು, ನಾಲ್ಕು ರೇಕು ಹಾರಿ ಗೋಡೆಗೆ ಅಂಟಿದವು, ಬಾಯಿ ಮುಚ್ಚೋದು ನಿಮ್ಮಮ್ಮ ಕಲಿಸ್ಲಿಲ್ವೇನೇ — ಅದೇ ಅತ್ತೆ ಈಗ ಪಕ್ಕದಲ್ಲಿ ಜಪಮಣಿ ಉರುಳಿಸುತ್ತ, ಹುಣ್ಣಿಮೆ ಕಳೀಲಿ, ಖೈಂಗ್‌ಳನ್ನೂ ಕೋಣೇಲಿ ಕೂರಿಸೋಣ, ಬೆರಳು ನೋಡು ಎಷ್ಟು ಸಪೂರ, ಶಾಲೆಗೆ ಹೋಗಿ ಯಾವ ಮಂತ್ರಿ ಆಗ್ಬೇಕು ಇವಳು. ಹದಿನಾಲ್ಕು ವರ್ಷದ ಮಗಳು ತಲೆ ತಗ್ಗಿಸಿ ಕೂತಿದ್ದಾಳೆ. ಪೂರ್ವದ ಬಾಗಿಲಲ್ಲಿ ನ್ವೇ ಸಿನ್‌ಳ ತಮ್ಮ ಕಾಯುತ್ತಿದ್ದಾನೆ, ಮೇಮ್ಯೋದಿಂದ ಬೆಳಿಗ್ಗೆಯೇ ಬೆಟ್ಟ ಇಳಿದು ಬಂದಿದ್ದಾನೆ, ಅಲ್ಲಿ ಚಳಿ, ಅವನ ಹೂವಿನ ತೋಟ, ತೋಟದ ಹಿಂದೆಯೇ ಶಾಲೆ, ನಿನ್ನೆ ಫೋನಿನಲ್ಲೇ ಅಂದಿದ್ದ, ಭಾವನಿಗೆ ನೀನು ಒಂದು ಮಾತು ಹೇಳು ಅಕ್ಕಾ, ಸಾಕು, ಹುಡುಗೀನ ನಾನು ಕರ್ಕೊಂಡ್ ಹೋಗ್ತೀನಿ, ಮಹಾಮುನೀನ ಮುಟ್ಟಿ ಬಂದ ಗಳಿಗೇಲಿ ಅವರು ಇಲ್ಲ ಅನ್ನಲ್ಲ. ಒಂದು ಮಾತು. ಖೈಂಗ್ ಓದಲಿ. ನಿನ್ನೆಯಿಂದ ಅದನ್ನೇ ಅಕ್ಕಿ ತೊಳೆಯುವಾಗಲೂ ಬಟ್ಟೆ ಹಿಂಡುವಾಗಲೂ ಹೇಳಿಕೊಂಡಿದ್ದಾಳೆ, ಖೈಂಗ್ ಓದಲಿ, ಎಷ್ಟು ಚಿಕ್ಕ ಮಾತು — ಟೀವಿಯಲ್ಲಿ ಈಗ ಅವನದೇ ಬೆರಳು, ಒತ್ತಿದ, ಸವರಿದ, ಕೈ ಮುಗಿದ, ಇನ್ನೇನು ಇಳಿಯುತ್ತಾನೆ.

ಫ್ಯಾನು ಇತ್ತ ತಿರುಗಿತು, ನ್ವೇ ಸಿನ್‌ಳ ಮಡಿಲಲ್ಲಿ ಉಳಿದಿದ್ದ ಪೊಟ್ಟಣ ಬಿಚ್ಚಿ ಒಂದು ರೇಕು ಮೇಲೆದ್ದಿತು, ಅಯ್ಯೋ ಅನ್ನುವಷ್ಟರಲ್ಲಿ ಖೈಂಗ್‌ಳ ಕೈ, ಅವಸರವಿಲ್ಲದ ಕೈ, ತುಟಿ ಬಿಗಿದು ಉಸಿರು ಹಿಡಿದು ಬೆರಳ ತುದಿಯಲ್ಲೇ ರೇಕನ್ನು ಇಳಿಸಿಕೊಂಡಿತು, ಹರಿಯಲಿಲ್ಲ, ಮುದುಡಲಿಲ್ಲ, ಕಾಗದದೊಳಗೆ ಮಲಗಿಸಿ ಮಡಚಿತು. ಇದು ಒಂದು ದಿನದಲ್ಲಿ ಬರುವ ವಿದ್ಯೆಯಲ್ಲ, ನ್ವೇ ಸಿನ್‌ಗೇ ಒಂದು ವರ್ಷ ಹಿಡಿದಿತ್ತು. ಯಾವಾಗ ಕಲ್ತೆ? ಅತ್ತೆ ನಕ್ಕಳು, ಟ್ಯೂಷನ್ನು ಟ್ಯೂಷನ್ನು ಅಂತ ಹೋಗ್ತಿದ್ಲಲ್ಲ, ನಮ್ಮ ತಂಗಿ ಮನೆ ಕೋಣೇಲಿ ಕೂತಿದ್ಲು ಕಣೇ, ಮೂರು ತಿಂಗಳಾಯ್ತು, ನಿನಗಿಂತ ಚುರುಕು. ಬೈಬೇಡಮ್ಮ, ಖೈಂಗ್ ಪಿಸುಗುಟ್ಟುತ್ತಾಳೆ, ಕಣ್ಣು ಹೊಳೆಯುತ್ತಿದೆ, ನಂಗೆ ಚೆನ್ನಾಗಿ ಬರತ್ತೆ, ಈ ವಾರ ಒಂದೂ ಹರಿದಿಲ್ಲ ಗೊತ್ತಾ — ಬೈಯಬೇಕೇ, ಯಾರನ್ನು, ತಮ್ಮನಿಗೆ ಏನು ಹೇಳುವುದು, ಬಿಸಿಲಲ್ಲಿ ನಿಂತಿದ್ದಾನೆ, ಕೋ ಲ್ವಿನ್ ಬಂದೇಬಿಟ್ಟ, ಪಂಚೆ ಸರಿಮಾಡಿಕೊಳ್ಳುತ್ತ, ಏನೋ ಹೇಳ್ಬೇಕು ಅಂದ್ಯಲ್ಲ, ಏನದು? ಅವಳು ಬಾಯಿ ತೆರೆದಳು. ಖೈಂಗ್ ಕೈ ಮುಗಿದು ಕೂತಿದ್ದಾಳೆ, ಕಿರುಬೆರಳ ಉಗುರಿನ ಸಂದಿಯಲ್ಲಿ ಒಂದು ಗೆರೆ, ಎಷ್ಟು ತೊಳೆದರೂ ಹೋಗದ್ದು, ರೇಕಿನ ಹಳದಿ, ಏನಿಲ್ಲ, ಅಂದಳೋ, ಅನ್ನಲಿಲ್ಲವೋ, ಉಗುರಿನ ಸಂದಿ, ಆ ಗೆರೆ, ಮಗಳ ಉಗುರು, ಆ ಗೆರೆ