ಗೇಟಿನಲ್ಲಿ ಇನ್ನೂರು ಟ್ರಿಪ್ಪು

ಗೇಟಿನ ಗಂಟೆ ಹೊಡೆಯತೊಡಗಿತು, ಅಡ್ಡಗಂಬ ಇನ್ನೂ ಮೇಲಿದೆ, ಈಗಲೇ ನುಗ್ಗಬೇಕು, ಉಚ್ಚೆಂಗಪ್ಪ ಗೇರಿನ ಮೇಲೆ ಕೈ ಇಟ್ಟ, ಹಳಿಯ ಮೇಲೆ ಲಾರಿ ನಿಲ್ಲಿಸಿ ಆಕ್ಸಲ್ ಮುರೀತು ಅಂತ ಇಳಿದುಬಿಡುವುದು, ಇಷ್ಟೇ ಕೆಲಸ, ಲಾರಿ ಸಂಘದ ಮೂಕಣ್ಣ ಬೆಳಿಗ್ಗೆ ಚಿತ್ತವಾಡ್ಗಿಯ ಚಹಾದಂಗಡಿಯಲ್ಲಿ ಬೆನ್ನು ಚಪ್ಪರಿಸಿ ಹೇಳಿದ್ದ, ಗಣಿ ಹತ್ರ ಹಾಕಿದ ಹೊಸ ರೈಲ್ವೆ ಸೈಡಿಂಗಿನಿಂದ ಅದಿರಿನ ಮೊದಲ್ನೇ ಗೂಡ್ಸ್ ಹೊಂಡತೈತಿ, ಗೇಟಿನಾಗ ತಡೀಬೇಕು, ಇವತ್ತು ಬಿಟ್ಟಿವಂದ್ರ ನಾಳಿಂದ ಮಂಗಳೂರು ಬಂದರಕ್ಕ ನಮ್ಮನ್ನ ಯಾರೂ ಕರಿಯಂಗಿಲ್ಲ, ಹನ್ನೊಂದು ವರ್ಷ ಈ ಲೈನ್ ಹೊಡೆದವ ನೀನು, ನೀನ ನಿಲ್ಲಿಸ್ಬೇಕು. ಹೂಂ ಅಂದಿದ್ದ, ಯಾಕೆ ಅನ್ನಬಾರದು, ಈ ಲಾರಿಯೇ ಅವನ ಹೊಲ, ಮಗಳು ಗಂಗೋತ್ರಿಯ ಸಾಲೆ, ಮನೆಯ ಒಲೆ — ಕ್ಲಚ್ ಒತ್ತಿದ, ಆಗ ತಿರುವಿನಲ್ಲಿ ಎಂಜಿನ್ನು ಕಂಡಿತು, ಒಂದಲ್ಲ, ಎರಡು, ನೆಲದ ನಡುಕ ಸೀಟಿನಿಂದ ಸೊಂಟಕ್ಕೆ ಹತ್ತಿತು, ಅಬ್ಬಾ, ಬಾಯಿಂದ ಬಂದೇಬಿಟ್ಟಿತು, ಕ್ಲಚ್ಚಿನ ಮೇಲೆ ಕಾಲು ಹಾಗೇ ಉಳಿಯಿತು, ಅಡ್ಡಗಂಬ ಬಾನೆಟ್ಟಿನ ಮುಂದೆ ಇಳಿದು ಕೂತಿತು.

ಒಂದು, ಎರಡು, ಮೂರು — ವ್ಯಾಗನ್ನು ಎಣಿಸಬಾರದಿತ್ತು, ಆದರೆ ಟ್ರಿಪ್ಪು ಹೊಡೆಯುವವನ ಬುದ್ಧಿ, ಕಂಡದ್ದನ್ನೆಲ್ಲ ಟ್ರಿಪ್ಪಿನಲ್ಲೇ ಅಳೆಯುತ್ತದೆ, ಮಗಳು ಹುಟ್ಟಿದ್ದು ಯಾವಾಗ ಅಂದರೆ ಶ್ರಾವಣದ ಎರಡನೇ ಟ್ರಿಪ್ಪು ಮುಗಿಸಿ ಬಂದಾಗ ಅನ್ನುತ್ತಾನೆ, ಹೆಂಡತಿ ಹುಲುಗಮ್ಮ ನಗುತ್ತಾಳೆ, ನಿಮ್ಮ ಆಯುಷ್ಯಾನೂ ಟ್ರಿಪ್ಪಿನಾಗ ಎಣಿಸ್ರಿ — ಹತ್ತು, ಹನ್ನೊಂದು, ಒಂದು ವ್ಯಾಗನ್ನಿಗೆ ಅರವತ್ತು ಟನ್ನು ಅದಿರು, ಅವನ ಲಾರಿಗೆ ಹದಿನೇಳು, ಅಂದರೆ ವ್ಯಾಗನ್ನೊಂದಕ್ಕೆ ಮೂರೂವರೆ ಟ್ರಿಪ್ಪು, ಘಾಟಿ ಇಳಿದು ಹತ್ತಿ ಬರಲು ಒಂದೊಂದಕ್ಕೂ ನಾಲ್ಕು ದಿನ, ಇಪ್ಪತ್ತಾರು, ಇಪ್ಪತ್ತೇಳು, ಬರುತ್ತಲೇ ಇದೆಯಲ್ಲ, ಮುಗಿಯುವುದೇ ಇಲ್ಲವಲ್ಲ, ಐವತ್ತೇಳು, ಐವತ್ತೆಂಟು, ಇನ್ನೂರು ಟ್ರಿಪ್ಪಿನ ಮೇಲಾಯಿತು, ಎರಡು ವರ್ಷ, ಅವನ ಎರಡು ವರ್ಷದ ಸೊಂಟನೋವು, ಕೆಮ್ಮು, ಸುಟ್ಟ ಡೀಸೆಲ್ಲು, ಎಲ್ಲವೂ ನಾಲ್ಕೇ ನಿಮಿಷದಲ್ಲಿ ಕಣ್ಣ ಮುಂದೆ ಹಾಯ್ದುಹೋಗುತ್ತಿದೆ, ಎರಡೂ ಎಂಜಿನ್ನಿಗೆ ಸೇರಿ ಇಷ್ಟೇ ಇಷ್ಟು ಹೊಗೆ. ಲಾರಿ ಒಂದು ಟನ್ ಒಯ್ಯೋ ಡೀಸೆಲ್ಲಿನಾಗ ರೈಲು ನಾಕು ಟನ್ ಒಯ್ತೈತಂತಪ್ಪ, ಹೊಗಿ ಕಡಿಮಿ ಆದ್ರ ಭೂಮಿನೂ ಹಿಂಗ ಕಾಯಂಗಿಲ್ಲಂತ, ಮೇಷ್ಟ್ರು ಹೇಳ್ಯಾರ, ಗಂಗೋತ್ರಿ ಅಂದಿದ್ದಳು, ನಿಮ್ಮ ಮೇಷ್ಟ್ರು ಲಾರಿ ಹೊಡೆದಾನೇನು ಅಂತ ಗದರಿದ್ದ, ಪಾಪದ ಕೂಸು, ಸುಳ್ಳೇನು ಹೇಳಿತ್ತು, ಕನ್ನಡಿಯಲ್ಲಿ ಹಿಂದಿನ ಲಾರಿಗಳ ಸಾಲು ಸಂಡೂರಿನ ಗುಡ್ಡದ ತನಕ, ನಿಂತಲ್ಲೇ ಗುಡುಗುಡು ಅನ್ನುತ್ತ ಒಂದೊಂದೂ ಕಪ್ಪಗೆ ಉಗುಳುತ್ತಿದೆ. ಜೇಬಿನಲ್ಲಿ ಮೊಬೈಲು ಬಡಿದುಕೊಂಡಿತು, ಸಾಲಿನ ಹಿಂದಿನಿಂದ ಮೂಕಣ್ಣನೇ, ಲೇ ಉಚ್ಚೆಂಗ್ಯಾ, ಏನ್ ನೋಡ್ಕೋಂತ ಕುಂತೀಯೋ, ಹ್ವಾತಲ್ಲೋ ನಮ್ಮ ಬದುಕು. ಹೌದು, ಹೋಯಿತು, ಹುಲುಗಮ್ಮನಿಗೆ ಏನು ಹೇಳುವುದು, ಆದರೂ ಬಾಯಿ ಸುಮ್ಮನಿರಲಿಲ್ಲ, ಅಣ್ಣಾ, ಏನ್ ಚೆಂದ ಎಳೀತೈತಿ ಅಣ್ಣಾ ಅದು.

ಕೊನೆಗೆ ಗಾರ್ಡಿನ ಪುಟ್ಟ ಡಬ್ಬಿ, ಬಾಗಿಲಲ್ಲಿ ಗಾರ್ಡು, ಬಿಳಿ ಅಂಗಿ. ಮೂರೂವರೆ ಸಾವಿರ ಟನ್ ಅದಿರಿನ ಹಿಂದೆ ಬಿಳಿ ಅಂಗಿ, ಈ ಲೈನಿನ ಡ್ರೈವರುಗಳು ಹೋದರೆ ಹೊಸಪೇಟೆಯ ಬಟ್ಟೆಯಂಗಡಿ ಚನ್ನಯ್ಯ ಯಾವ ಬಣ್ಣ ಅಂತ ಕೇಳುವುದೇ ಇಲ್ಲ, ಕಂದು, ಇಟ್ಟಿಗೆ ಬಣ್ಣದವನ್ನೇ ಎಳೆದು ಹಾಕುತ್ತಾನೆ, ಇದು ಅದಿರಿನ ಕೆಂಪು ದೂಳಿಗ ಹೊಂದತೈತಿ ತಗೋರಿ, ಹನ್ನೊಂದು ವರ್ಷದಲ್ಲಿ ತಾನೂ ಬೇರೆ ಬಣ್ಣ ಕೇಳಿಲ್ಲವಲ್ಲ, ಕೇಳಬಹುದು ಅಂತ ಹೊಳೆದೂ ಇಲ್ಲವಲ್ಲ, ಬಿಳಿ ಅಂಗಿ, ಗಾರ್ಡು ಹಸಿರು ಬಾವುಟ ಸುತ್ತುತ್ತಿದ್ದಾನೆ, ಅಡ್ಡಗಂಬ ಎದ್ದಿತು, ಹಿಂದೆ ನೂರು ಹಾರನ್ನು, ನಡೀಲೇ, ನಡೀಲೇ, ಎಲ್ಲಿಗೆ ನಡೆಯುವುದು, ಕೈ ಗೇರಿನ ಮೇಲೇ ಇದೆ, ಹಳಿಗಳು ಕೂಡುವಲ್ಲಿ ಅದು ಚುಕ್ಕೆಯಾಗಿ ಇನ್ನೂ ಕಾಣುತ್ತಿದೆ, ಅಂಗಿ, ಅಷ್ಟು ಅದಿರು ಎಳೆದೂ ಬಿಳಿ ಅಂಗಿ, ಹಾಯುವಾಗ ಕಂಡಿದ್ದ ಕೊರಳಪಟ್ಟಿಯೂ ಬಿಳಿ —