ಹಣೆಯ ಕೆಂಪು ಗೆರೆ

ಬಿಳಿ ಪ್ಯಾರಾಚೂಟೊಂದು ಹುಣಸೆಮರಕ್ಕೆ ಸಿಕ್ಕಿಕೊಂಡು, ಗಾಳಿ ಬಂದಾಗ ಉಬ್ಬುತ್ತ, ಹೋದಾಗ ಇಳಿಯುತ್ತ, ಮಲಗಿದವನ ಎದೆಯಂತೆ ಉಸಿರಾಡುತ್ತಿತ್ತು. ಅದರಲ್ಲಿ ಇಳಿದವನು ಮಾತ್ರ ಬದುಕಿರಲಿಲ್ಲ. ಮರದ ಪಕ್ಕದ ಪಾಳು ಹೆಂಚಿನ ಕಾರ್ಖಾನೆಯಲ್ಲಿ ನಮ್ಮ ಗಾಯಾಳುಗಳನ್ನು ಮಲಗಿಸಿದ್ದೆ. ಊರಿನ ಸೇತುವೆ ಶತ್ರುವಿನ ಕೈಯಲ್ಲಿತ್ತು. ವಿಮಾನದಿಂದ ಇಳಿಬಿಟ್ಟ ಔಷಧಿಯ ಪೆಟ್ಟಿಗೆಗಳು ಗಾಳಿಗೆ ತೇಲಿ ಹೊಳೆಯಾಚೆ ಬಿದ್ದಿದ್ದವು.

ನಾನು ಡಾಕ್ಟರನಲ್ಲ; ಪ್ಯಾರಾಚೂಟ್ ದಳದಲ್ಲಿ ಗಾಯಕ್ಕೆ ಕಟ್ಟು ಹಾಕುವ ಸಿಪಾಯಿ. ನೋವು ತಗ್ಗಿಸುವ ಮದ್ದಿನ ಸೂಜಿ ಕೊಟ್ಟವರ ಹಣೆಗೆ ಕೆಂಪು ಗೆರೆ ಎಳೆಯುವುದು ನಮ್ಮ ಪದ್ಧತಿ. ಗಡಿಬಿಡಿಯಲ್ಲಿ ಅದೇ ಮನುಷ್ಯನಿಗೆ ಮತ್ತೊಮ್ಮೆ ಚುಚ್ಚಿದರೆ ಉಸಿರೇ ನಿಂತೀತು. ಗೆರೆ ಎಳೆಯುವ ಕೆಂಪು ಪೆನ್ಸಿಲ್ ಕಳೆದುಹೋಗಿದ್ದರಿಂದ ಅಂದು ಗಾಯದ ರಕ್ತದಲ್ಲೇ ಬೆರಳದ್ದಿ ಎಳೆಯುತ್ತಿದ್ದೆ. ಹವಾಲ್ದಾರ ದ್ಯಾಮಣ್ಣ ಹೊಟ್ಟೆಗೆ ಗುಂಡು ತಿಂದು ಬಿದ್ದಿದ್ದರೂ, ಪೂಜಾರಿಯ ಹಾಗೆ ಎಲ್ಲರಿಗೂ ಕುಂಕುಮ ಹಚ್ಚುತ್ತೀಯಲ್ಲ ಎಂದು ಗೇಲಿ ಮಾಡಿದ್ದ.

ಕೊನೆಗೆ ಒಂದೇ ಸೂಜಿ ಉಳಿಯಿತು. ಅದನ್ನು ದ್ಯಾಮಣ್ಣನಿಗೆ ಕೊಡಲೆಂದು ಹೋದರೆ, ಅವನ ಹಣೆಯ ಮೇಲಾಗಲೇ ಗೆರೆಯಿತ್ತು. ಯಾವಾಗ ಕೊಟ್ಟೆನೋ ನೆನಪಾಗಲಿಲ್ಲ, ನಿದ್ದೆಗೆಟ್ಟ ತಲೆ. ಪಕ್ಕದಲ್ಲಿ ಕಾಲು ಛಿದ್ರವಾದ ಕೆಂಚಪ್ಪ ಅರಚುತ್ತಿದ್ದ. ಅವನಿಗೆ ಚುಚ್ಚಿದೆ. ಅರಚಾಟ ನರಳಾಟವಾಗಿ, ಆಮೇಲೆ ನಿದ್ದೆಯಾಯಿತು.

ಹೊರಗೆ ಪ್ಯಾರಾಚೂಟು ಉಬ್ಬಿತು. ಅದರ ನೆರಳು ದ್ಯಾಮಣ್ಣನ ಮುಖದ ಮೇಲೆ ಬಂದು ಸರಿದಾಗ ಅವನ ಕಣ್ಣು ಕಂಡೆ. ಆ ಮದ್ದು ಒಳಗಿಳಿದವರ ಕಣ್ಣಪಾಪೆ ಸಾಸಿವೆಯಷ್ಟಾಗುತ್ತದೆ. ಇವನದು ಅಗಲವಾಗಿ ತೆರೆದೇ ಇತ್ತು. ಬಾಯಲ್ಲಿ ಬೆಲ್ಟು ಕಚ್ಚಿಕೊಂಡಿದ್ದ.

"ಈ ಗೆರೆ ಯಾರು ಎಳೆದದ್ದು?"

ಬೆಲ್ಟು ಉಗುಳಿದ. "ನೀನ ಎಳದೀಯಲ್ಲೋ ಪೂಜಾರಿ, ಮರತೇನು?"

ಅವನ ತೋರುಬೆರಳಿನ ತುದಿಯಲ್ಲಿ ರಕ್ತ ಒಣಗಿತ್ತು.

"ಯಾಕಣ್ಣಾ ಹಿಂಗ್ ಮಾಡ್ದೆ?"

"ಅವನ ಒದರಾಟ ಕೇಳಲಾರದ್ಕ. ಅವ ಉಳೀತಾನ, ನಂದು ಹೆಂಗೂ ಮುಗದೈತಿ." ನನ್ನ ಮಣಿಕಟ್ಟು ಹಿಡಿದ. "ಏನಾರ ಮಾತಾಡು. ಸುಮ್ನ ಕುಂದರಬ್ಯಾಡ."

ನನ್ನ ಚೀಲದಲ್ಲಿ ಹತ್ತಿಯೂ ಉಳಿದಿರಲಿಲ್ಲ. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಶಿವನಾಮ ಹೇಳಿದೆ. ಅದು ಸಾಲದೆ ಅಜ್ಜಿ ಹೇಳುತ್ತಿದ್ದ ಕುರುಡು ಕುದುರೆಯ ಕತೆ ಹಿಡಿದೆ. ನಿಲ್ಲಿಸಿದರೆ ಮಣಿಕಟ್ಟು ಹಿಂಡುತ್ತಿದ್ದ, ಮುಂದುವರಿಸುತ್ತಿದ್ದೆ. ಭಗವಂತ ಆಗ ಎಲ್ಲಿದ್ದನೆಂದು ನಾನು ಕೇಳಲಿಲ್ಲ, ಕೇಳುವಷ್ಟು ಬಿಡುವಿರಲಿಲ್ಲ. ಅವನು ಹಿಂಡುವುದು ನಿಂತ ಮೇಲೂ ಕತೆ ನಿಲ್ಲಿಸುವ ಧೈರ್ಯವಾಗಲಿಲ್ಲ.

ನಮ್ಮವರು ಸೇತುವೆ ಗೆದ್ದು ಬಂದಾಗ ಕೆಂಚಪ್ಪನಿಗೆ ಉಸಿರಿತ್ತು. ಅವನನ್ನು ಮೊದಲು ಒಯ್ದರು. ಆಮೇಲೆ ದ್ಯಾಮಣ್ಣನನ್ನು ಸ್ಟ್ರೆಚರಿಗೆ ಎತ್ತಿದರು. ಸೆಟೆದ ಬೆರಳುಗಳನ್ನು ನನ್ನ ಕೈಯಿಂದ ಬಿಡಿಸಲು ಒಬ್ಬ ಬಗ್ಗಿದ. ಬೇಡವೆಂದು ತಲೆಯಾಡಿಸಿದೆ. ಹೊತ್ತವರು ಹೆಜ್ಜೆ ನಿಧಾನ ಮಾಡಿದರು. ಹೊಳೆದಂಡೆಯ ಕಾಲುಹಾದಿಯಲ್ಲಿ ಅವನ ಪಕ್ಕದಲ್ಲೇ ನಡೆದೆ.