ಬಲಗೈಗೆ ಗೋಡೆ

ಹೊಸ ಸ್ಟೇಡಿಯಮ್ಮಿನ ಹೆಂಗಸರ ಶೌಚಾಲಯಗಳಿಗೆ ಪೈಪು ಎಳೆದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ವಿಚಾರಣೆಯ ಕಾಗದಗಳಲ್ಲಿ ಎಲ್ಲೂ ನನ್ನ ಸುದ್ದಿಯಿಲ್ಲ. ಅದರಲ್ಲಿ ನನ್ನ ಮಾವನ ಹೆಸರಿದೆ, ಅವನ ಗಂಟೆಯ ತೂಕವಿದೆ, ಸತ್ತ ಒಂಬತ್ತು ಜನರ ವಯಸ್ಸಿದೆ. ಪ್ಲಂಬರನ ಬಗ್ಗೆ ಒಂದಕ್ಷರವೂ ಇಲ್ಲ.

ಮಾವ ಎಂದರೆ ನನ್ನ ತಾಯಿಯ ತಮ್ಮ. ತಾಯಿ ಹೋದಾಗ ನನಗೆ ಆರು ವರ್ಷ. ಅಲ್ಲಿಂದ ಸಾಕಿದವರು ಮಾವ ಮತ್ತು ಅತ್ತೆ. ಮಾವ ಶಾಲೆಯ ಜವಾನನಾಗಿದ್ದ. ಅವನು ಕೆಲಸಕ್ಕೆ ಸೇರಿದ ಸ್ವಲ್ಪ ದಿನಕ್ಕೇ ಶಾಲೆಗೆ ಕರೆಂಟಿನ ಗಂಟೆ ಬಂತು. ಹಳೆಯ ಹಿತ್ತಾಳೆಯ ಕೈಗಂಟೆಯನ್ನು ಹೆಡ್‌ಮಾಸ್ತರು ಅವನಿಗೇ ಕೊಟ್ಟರು. ಅವನು ಅದನ್ನು ಫುಟ್‌ಬಾಲ್ ಮೈದಾನಕ್ಕೆ ತಂದ.

ನಮ್ಮ ಹಳೆಯ ಮೈದಾನದಲ್ಲಿ ಒಂದು ಪದ್ಧತಿಯಿತ್ತು, ದಾಟುವುದು ಅಂತ. ನಮ್ಮ ತಂಡ ಯಾವ ಗೋಲಿಗೆ ಹೊಡೆಯುತ್ತದೋ ಆ ಗೋಲಿನ ಹಿಂದೆ ನಾವಿರಬೇಕು. ಅರ್ಧ ಆಟವಾದ ಮೇಲೆ ತಂಡಗಳು ಬದಿ ಬದಲಿಸುತ್ತವಲ್ಲ, ಆಗ ನಾವೂ ಗಂಟುಮೂಟೆ ಎತ್ತಿಕೊಂಡು ಆಚೆ ತುದಿಗೆ ಹೋಗುತ್ತಿದ್ದೆವು. ಎದುರಾಳಿಗಳು, ಅಂದರೆ ನದಿಯಾಚೆಯವರು, ಈಚೆ ತುದಿಗೆ ಬರುತ್ತಿದ್ದರು. ಸ್ಟ್ಯಾಂಡಿನ ಹಿಂದೆ ಎರಡು ಗೋಡೆಗಳ ನಡುವೆ ಅಗಲವಾದ ದಾರಿಯಿತ್ತು. ನಿಯಮ ಒಂದೇ: ಬಲಗೈಗೆ ಗೋಡೆ. ಹೋಗುವವನೂ ಬರುವವನೂ ತನ್ನ ಬಲಗೈಯನ್ನು ಗೋಡೆಗೆ ಸವರಿಕೊಂಡು ನಡೆದರೆ ಎರಡು ಹಿಂಡುಗಳು ಮೈ ತಾಗದೆ ಹಾದುಹೋಗುತ್ತವೆ. ಹಾಯುವಾಗ ಬೈಗುಳ ಧಾರಾಳ. ನೆಂಟರು ಎದುರಾದರೆ ಬೈಗುಳದ ನಡುವೆ ಕ್ಷೇಮ ಸಮಾಚಾರ. ಮಾವ ಗಂಟೆ ಹೊಡೆದ ಮೇಲೆಯೇ ಎರಡೂ ಕಡೆಯವರು ಹೊರಡಬೇಕು. ಗಡ್ಡ ನರೆತವರೂ ಆ ಗಂಟೆಗೆ ಶಾಲೆ ಬಿಟ್ಟ ಮಕ್ಕಳಂತೆ ಎದ್ದು ನಿಲ್ಲುತ್ತಿದ್ದರು. ಮಾವ ಮಾತ್ರ ಕಡೆಗೆ ಹೊರಡುತ್ತಿದ್ದ. ಜವಾನ ಯಾವತ್ತೂ ಕೊನೆಯ ಹುಡುಗ ಹೋದ ಮೇಲೆ ಹೋಗಬೇಕು ಅನ್ನುತ್ತಿದ್ದ.

ಹೀಗೆ ಮೂವತ್ತೈದು ವರ್ಷ ನಡೆಯಿತು. ಯಾರೊಬ್ಬರ ಕಾಲೂ ಉಳುಕಲಿಲ್ಲ.

ಆ ಮೂವತ್ತೈದು ವರ್ಷವೂ ಅತ್ತೆ ಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ತಂಡದ ಬಾವುಟ ಹೊಲಿದಳು, ಆಟಗಾರರ ಅಂಗಿಗಳಿಗೆ ನಂಬರು ಹೊಲಿದಳು. ಆಟವನ್ನು ರೇಡಿಯೋದಲ್ಲಿ ಕೇಳಿದಳು. ಒಂದು ದಿನವೂ ಮೈದಾನಕ್ಕೆ ಬರಲಿಲ್ಲ. ಕಾರಣ ನಾಚಿಕೆಗೇಡಿನದು: ಆ ಮೈದಾನದಲ್ಲಿ ಹೆಂಗಸರಿಗೆ ಶೌಚಾಲಯವೇ ಇರಲಿಲ್ಲ. ಗಂಡಸರು ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದರು, ಮೂರು ತಾಸು ಹೊಟ್ಟೆ ಬಿಗಿಹಿಡಿದು ಕೂರಲು ಅವಳ ಸಕ್ಕರೆ ಕಾಯಿಲೆ ಬಿಡುತ್ತಿರಲಿಲ್ಲ. ಮಾವ ಬೆಳಿಗ್ಗೆ ಗಂಟೆ ಉಜ್ಜಿ ಹೊರಟರೆ ಅವಳದು ಒಂದೇ ಮಾತು:

"ಊರಿಗೆ ಉಪಕಾರಿ, ಮನೆಗೆ ಮಾರಿ. ಹೋಗು, ಎಲ್ಲರನ್ನೂ ದಾಟಿಸಿ ಬಾ."

ಹಾಗಾಗಿ ಹೊಸ ಸ್ಟೇಡಿಯಮ್ಮಿನ ಕೆಲಸ ಸಿಕ್ಕಿದ ದಿನ ನಾನು ಮೊದಲು ಹೇಳಿದ್ದು ಅತ್ತೆಗೆ. ಹೆಂಗಸರಿಗೆ ಮೂರು ಶೌಚಾಲಯ, ಒಂದೊಂದರಲ್ಲಿ ಹನ್ನೆರಡು ಕೋಣೆ, ಬೇಸಿನ್ನಿನ ಮೇಲೆ ಕನ್ನಡಿ. ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು.

"ಹಲ್ಲಿದ್ದಾಗ ಕಡಲೆ ಇರ್ಲಿಲ್ಲ. ಈಗ ಕಡಲೆ ಕೊಡ್ತೀನಿ ಅಂತೀಯ. ಅರವತ್ತಾಯ್ತಲ್ಲೋ ನಂಗೆ."

"ಕೂತ್ಕೊಂಡು ನೋಡೋಕೆ ಹಲ್ಲು ಯಾಕತ್ತೆ? ನೀನು ಬರ್ತೀಯ, ಅಷ್ಟೇ."

ಕೆಲಸದ ಕಥೆ ಕೇಳಿ. ಮೇಲೆ ಥಳಕು, ಒಳಗೆ ಹುಳುಕು. ಉದ್ಘಾಟನೆಯ ದಿನ ಗೊತ್ತಾಗಿತ್ತು, ಕಟ್ಟಡ ಮುಗಿದಿರಲಿಲ್ಲ. ನಮ್ಮ ತುದಿಯ ಶೌಚಾಲಯಕ್ಕೆ ಟೈಲ್ಸು ಬಂತು, ಕನ್ನಡಿ ಬಂತು, ನೀರಿನ ಲೈನು ಮಾತ್ರ ಪಂಪಿಗೆ ಸೇರಲಿಲ್ಲ. ಆಚೆ ತುದಿಯದೂ ಹಾಗೆಯೇ. ನೀರು ಬಂದದ್ದು ನಡುವಿನ ಒಂದಕ್ಕೆ. ಅದರ ಬಾಗಿಲನ್ನೂ ಹೊರಕ್ಕೆ ತೆರೆಯುವಂತೆ, ಕಾರಿಡಾರಿನತ್ತ, ಕೂರಿಸಿದ್ದರು. ಜನ ಒತ್ತಿ ನಿಂತರೆ ಒಳಗಿನವರು ಹೊರಗೆ ಬರುವಂತಿಲ್ಲ, ಹೊರಗಿನವರು ಒಳಗೆ ಹೋಗುವಂತಿಲ್ಲ. ನಾನು ಇಂಜಿನಿಯರಿಗೆ ಹೇಳಿದೆ.

"ನೀನು ಪೈಪ್ ನೋಡ್ಕೋ," ಅಂದ. ನಾನು ಪೈಪು ನೋಡಿಕೊಂಡೆ.

ಕಾರಿಡಾರು ಈ ತುದಿಯಿಂದ ಆ ತುದಿಗೆ ನೇರ ಹೋಗುತ್ತದೆ, ಎರಡೂ ಕಡೆ ಗೋಡೆಯಿದೆ, ಆರಾಮಾಗಿ ದಾಟಬಹುದು ಎಂದು ಮಾವನಿಗೆ ಹೇಳಿದವನೂ ನಾನೇ. ಪೈಪಿನ ಜೊತೆ ದಿನಕ್ಕೆ ಹತ್ತು ಸಲ ಆ ಕಾರಿಡಾರಿನಲ್ಲಿ ನಡೆದಿದ್ದೆ. ಆಗ ಅದು ಖಾಲಿಯಾಗಿತ್ತು.

ಮೊದಲ ಆಟ ನದಿಯಾಚೆಯವರ ಜೊತೆಗೇ. ಟಿಕೆಟ್ಟಿನಲ್ಲಿ ಸೀಟಿನ ನಂಬರು ಅಚ್ಚಾಗಿತ್ತು. ನಿಮ್ಮ ಸೀಟು ಬಿಟ್ಟು ಏಳಬಾರದು ಅಂತ ಗೋಡೆಗೋಡೆಗೂ ಬರೆದಿದ್ದರು. ನಮ್ಮವರಿಗೆ ಅದು ತಮಾಷೆಯಾಗಿತ್ತು. ವಾರದ ಮುಂಚೆಯೇ ಎರಡೂ ಕಡೆಯ ಹಿರಿಯರು ಚಹಾದಂಗಡಿಯಲ್ಲಿ ಕೂತು ಮಾತಾಡಿಕೊಂಡಿದ್ದರು: ಗಂಟೆ ಹೊಡೆದಾಗ ದಾಟುವುದು, ಅವರ ಸೀಟಿನಲ್ಲಿ ನಾವು, ನಮ್ಮ ಸೀಟಿನಲ್ಲಿ ಅವರು, ಬಲಗೈಗೆ ಗೋಡೆ. ತಲೆ ಮೇಲೆ ತಲೆ ಬಿದ್ದರೂ ಪದ್ಧತಿ ಬಿಡುವುದಿಲ್ಲ ಅಂತ ಒಬ್ಬ ಅಂದಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ನಾನೂ ತಟ್ಟಿದ್ದೆ.

ಗೇಟಿನಲ್ಲೇ ಒಂದು ತಾಸು ಹೋಯಿತು. ಆರು ಗೇಟುಗಳಲ್ಲಿ ಎರಡು ತೆರೆದಿದ್ದವು. ಕುಡಿಯುವ ನೀರಿನ ನಲ್ಲಿ ತಿರುಗಿಸಿದರೆ ಗಾಳಿ ಬರುತ್ತಿತ್ತು. ನಮ್ಮ ಸಾಲಿನ ಮುಂದೆ ಒಂದು ಕಂಬ. ಗೋಲು ನೋಡಲು ಕುತ್ತಿಗೆಯನ್ನು ಪಕ್ಕದವನ ತೊಡೆಯ ಮೇಲೆ ಇಡಬೇಕಿತ್ತು. ನಾನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಅತ್ತೆಗೆ ಇದ್ಯಾವುದೂ ತಟ್ಟಲಿಲ್ಲ. ಹುಲ್ಲು ಇಷ್ಟು ಹಸಿರಾಗಿರುತ್ತದೆ ಅಂತ ರೇಡಿಯೋದವನು ಹೇಳಲೇ ಇಲ್ಲವಲ್ಲ ಅಂದಳು. ಆಟಗಾರರನ್ನು ಮುಖದಿಂದ ಗುರುತಿಸಲಿಲ್ಲ, ತಾನು ಹೊಲಿದ ನಂಬರಿನಿಂದ ಗುರುತಿಸಿದಳು.

"ಆ ಏಳರ ಬಾಲ ವಾರೆಯಾಗಿದೆ ನೋಡೋ. ಅವತ್ತು ಕರೆಂಟ್ ಹೋಗಿತ್ತು."

ಅದೇ ಏಳನೇ ನಂಬರಿನವನು ನಮ್ಮ ಮುಂದಿನ ಗೋಲಿಗೆ ಚೆಂಡು ನುಗ್ಗಿಸಿದಾಗ ಅವಳು ಎದ್ದು ನಿಂತು ಕೂಗಿದಳು. ಅವಳ ಗಂಟಲಲ್ಲಿ ಅಂಥ ದನಿಯಿತ್ತು ಅಂತ ಅವಳ ಕೈಯಲ್ಲಿ ಬೆಳೆದ ನನಗೇ ಗೊತ್ತಿರಲಿಲ್ಲ. ನನ್ನ ಜೀವನದಲ್ಲಿ ನಾನು ಅಷ್ಟು ಖುಷಿಪಟ್ಟ ಘಳಿಗೆ ಇನ್ನೊಂದಿಲ್ಲ, ಈಗ ಅದನ್ನು ನೆನೆಯಲು ಹೆದರುತ್ತೇನೆ.

ಅರ್ಧ ಆಟಕ್ಕೆ ಐದಾರು ನಿಮಿಷ ಇರುವಾಗ ಅವಳು ನನ್ನ ತೋಳು ಚಿವುಟಿದಳು.

"ನಿನ್ನ ಬಾತ್‌ರೂಮ್ ಎಲ್ಲೋ?"

ನಮ್ಮ ತುದಿಯದಕ್ಕೆ ಬೀಗ ಹಾಕಿ 'ಕೆಲಸ ನಡೆಯುತ್ತಿದೆ' ಎಂಬ ಬೋರ್ಡು ನೇತುಹಾಕಿದ್ದರು. "ಕೆಳಗಿಳಿದು ಕಾರಿಡಾರಲ್ಲಿ ನೇರ ಹೋಗು," ಅಂದೆ. "ಬಲಗಡೆ, ಮಧ್ಯದ್ದು. ವಾಲ್ವ್ ನಾನೇ ತೆಗ್ದಿದ್ದೀನಿ, ನೀರು ಚೆನ್ನಾಗಿ ಬರುತ್ತೆ. ಈಗ್ಲೇ ಹೋದ್ರೆ ರಶ್ ಇರಲ್ಲ."

ಅವಳು ಹೋದಳು. ಮೆಟ್ಟಿಲ ತುದಿಯಲ್ಲಿ ಗಂಟೆ ಹಿಡಿದು ಕೂತಿದ್ದ ಮಾವನ ಕಿವಿಯಲ್ಲಿ ಬಗ್ಗಿ ಏನೋ ಅಂದಳು. ಅವನು ಆಟದಿಂದ ಕಣ್ಣು ತೆಗೆಯದೆ ತಲೆಯಾಡಿಸಿದ. ಗದ್ದಲದಲ್ಲಿ ನನಗೆ ಮಾತು ಕೇಳಿಸಲಿಲ್ಲ.

ವಿಸಿಲ್ ಊದಿದರು. ಮಾವ ಎದ್ದು ಗಂಟೆ ಹೊಡೆದ.

ಹಳದಿ ಕೋಟಿನ ಕಾವಲುಗಾರರು ಇಬ್ಬರು "ಕೂತ್ಕೊಳ್ಳಿ, ಕೂತ್ಕೊಳ್ಳಿ" ಅನ್ನುತ್ತ ಗೋಡೆಗೆ ಸರಿದರು. ನಾನೂ ಎದ್ದೆ. ದಾರಿಯಲ್ಲೇ ಅತ್ತೆಯನ್ನು ಸೇರಿಸಿಕೊಂಡರಾಯಿತು ಅಂದುಕೊಂಡೆ. ಕೆಳಗಿಳಿದು ಬಲಗೈಯನ್ನು ಗೋಡೆಗಿಟ್ಟೆ; ಗೋಡೆ ತಣ್ಣಗಿತ್ತು, ಹೊಸ ಬಣ್ಣದ ವಾಸನೆ. ಎಡಗಡೆ ನೋಡಿದೆ. ಅಲ್ಲಿ ಗೋಡೆಯೇ ಕಾಣಲಿಲ್ಲ. ತಂಪು ಪಾನೀಯದ ಪೆಟ್ಟಿಗೆಗಳು, ತಿಂಡಿಯ ಕೌಂಟರುಗಳು, ಅವುಗಳ ಮುಂದೆ ಸಾಲು, ಹೀಗೆ ಅರ್ಧ ಕಾರಿಡಾರನ್ನು ಯಾರೋ ಬಾಡಿಗೆಗೆ ಕೊಟ್ಟಿದ್ದರು.

ನಮ್ಮವರ ಬಲಗೈಗೆ ಗೋಡೆ ಸಿಕ್ಕಿತು. ಎದುರಿನಿಂದ ಬರುವವರ ಬಲಗೈಗೆ ಸಿಕ್ಕಿದ್ದು ಕೌಂಟರು. ಅವರು ಗೋಡೆ ಹುಡುಕಿದರು. ಮೂವತ್ತೈದು ವರ್ಷ ಕೈಯನ್ನು ಗೋಡೆಗೆ ಸವರಿಯೇ ನಡೆದವರು. ಇದ್ದ ಒಂದೇ ಗೋಡೆಗೆ ಬಂದರು, ನಮ್ಮ ಗೋಡೆಗೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಇಲ್ಲಿ ಎರಡೂ ಒಂದೇ ಕಡೆಗೆ ಎಳೆದವು. ಯಾರೂ ತಪ್ಪಲಿಲ್ಲ, ಎಲ್ಲರೂ ನಿಯಮ ಪಾಲಿಸಿದರು.

ಮೊದಲು ನಗು ಕೇಳಿಸಿತು. ಆಮೇಲೆ ಬೈಗುಳ. ಆಮೇಲೆ ಮುಂದಿನವರು ಮಾತು ನಿಲ್ಲಿಸಿದರು. ಪೈಪಿನ ಎರಡೂ ತುದಿಯಿಂದ ನೀರು ಬಿಟ್ಟು ನಡುವೆ ದಾರಿ ಕೊಡದಿದ್ದರೆ ಏನಾಗುತ್ತದೆಂದು ನನಗೆ ಗೊತ್ತು. ನನ್ನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಎದೆ ಒಳಕ್ಕೆ ಹೋದದ್ದು ಹೊರಕ್ಕೆ ಬರುತ್ತಿರಲಿಲ್ಲ. "ಹಿಂದೆ ಸರೀರಿ, ಹಿಂದೆ" ಅಂತ ಕೂಗುವವರ ದನಿ ಅವರ ಬಾಯಿಯಲ್ಲೇ ಉಳಿಯಿತು. ಆಗ ಹಿಂದಿನಿಂದ, ಮೇಲಿನಿಂದ, ಮತ್ತೆ ಗಂಟೆ ಕೇಳಿಸಿತು. ಜನ ನಿಧಾನವಾಗಿದ್ದಾರೆ ಅಂತ ಮಾವ ಎರಡನೇ ಸಲ ಹೊಡೆಯುತ್ತಿದ್ದ. ಮೆಟ್ಟಿಲ ಮೇಲಿದ್ದ ಜನ ಕೆಳಗಿಳಿದರು.

ಗೋಡೆಯಲ್ಲಿ, ಹಿಂದಿನ ಪೈಪುಗಳ ಸಂದಿಗೆ ಹೋಗಲು, ಸಣ್ಣ ಬಾಗಿಲುಗಳಿದ್ದವು. ಒಂದು ನನ್ನ ಬೆನ್ನಿಗೇ ಒತ್ತುತ್ತಿತ್ತು, ಅದರ ಕೀಲಿ ಇನ್ನೂ ನನ್ನ ಗೊಂಚಲಿನಲ್ಲಿತ್ತು. ಕೈಯನ್ನು ಹಿಂದಕ್ಕೆ ತಿರುಚಿ ಹೇಗೋ ಬೀಗ ತೆಗೆದೆ; ಅದೃಷ್ಟಕ್ಕೆ ಅದು ಒಳಕ್ಕೆ ತೆರೆಯುವ ಬಾಗಿಲು. ಪಕ್ಕದಲ್ಲಿದ್ದವರನ್ನು ಒಳಗೆ ಎಳೆದುಕೊಂಡೆ. ಆಮೇಲೆ ಪೈಪುಗಳ ಸಂದಿಯಲ್ಲಿ ತೆವಳಿಕೊಂಡು ಶೌಚಾಲಯದ ಪಕ್ಕದ ಬಾಗಿಲಿಗೆ ಹೋದೆ. ಅದನ್ನೂ ತೆಗೆದೆ. ಕೈಗೆ ಸಿಕ್ಕವರನ್ನೆಲ್ಲ ಎಳೆದೆ, ನಮ್ಮವರೋ ಅವರ ಕಡೆಯವರೋ ನೋಡಲಿಲ್ಲ. ಎಂಟನೆಯದೋ ಒಂಬತ್ತನೆಯದೋ ಕೈಯಲ್ಲಿ ಹೊಲಿಗೆಯವರ ಬೆರಳುಕವಚದ ಗುರುತಿತ್ತು.

ಅತ್ತೆಯ ಮೈಮೇಲೆ ಒಂದು ಗಾಯವೂ ಇರಲಿಲ್ಲ, ಮೈಯಲ್ಲಿ ಉಸಿರೂ ಇರಲಿಲ್ಲ. ಶೌಚಾಲಯದಿಂದ ಅವಳು ಹೊರಗೆ ಬಂದ ಮೇಲೆ ಬೆನ್ನ ಹಿಂದೆ ಬಾಗಿಲು ಮುಚ್ಚಿಕೊಂಡಿತ್ತು. ಮತ್ತೆ ಒಳಗೆ ಹೋಗಲು ನೋಡಿರಬೇಕು. ಬಾಗಿಲು ಹೊರಕ್ಕೆ ತೆರೆಯುವಂಥದ್ದು. ಕೈಗಳು ಒದ್ದೆಯಾಗಿದ್ದವು. ನೀರು ಚೆನ್ನಾಗಿಯೇ ಬಂದಿತ್ತು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು. ಮರುದಿನ ಕೌಂಟರುಗಳು ಹೋದವು, ಶೌಚಾಲಯದ ಬಾಗಿಲನ್ನು ಕಿತ್ತರು, ಮೂರನೇ ದಿನ ನಮ್ಮ ತುದಿಗೂ ನೀರು ಬಂತು. ಕಟ್ಟಿದ ಕಂಪನಿಯವರು, ಪ್ರೇಕ್ಷಕರು ತಮ್ಮ ಸೀಟು ಬಿಟ್ಟು ಎದ್ದದ್ದೇ ಕಾರಣ ಅಂದರು. ವಿಚಾರಣೆಯ ಅಧಿಕಾರಿ ಮನೆಗೆ ಬಂದು, ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನಲ್ಲಿ ಕೂತು, ಗಂಟೆ ಹೊಡೆದವರು ಯಾರು ಅಂತ ಕೇಳಿದ.

"ನಾನು," ಅಂದ ಮಾವ. "ಎರಡು ಸಲ." ಗಂಟೆಯನ್ನು ತಾನೇ ತಂದು ಕೊಟ್ಟ. ಅವರು ಅದನ್ನು ಬಟ್ಟೆಯಲ್ಲಿ ಸುತ್ತಿ ಒಯ್ದರು.

ಆಮೇಲೆ ನಾಲ್ಕು ವಾರ ಮಾವ ಹೊಲಿಗೆ ಯಂತ್ರದ ಮುಂದಿನಿಂದ ಏಳಲಿಲ್ಲ. ಯಂತ್ರದ ಸೂಜಿಯ ಕೆಳಗೆ ಅರ್ಧ ಹೊಲಿದ ಬಾವುಟ ಹಾಗೆಯೇ ಇತ್ತು, ಅದನ್ನು ನೋಡುತ್ತ ಕೂರುತ್ತಿದ್ದ. ಅವನು ಒಬ್ಬನೇ ಹೊರುತ್ತಿದ್ದುದರಲ್ಲಿ ನನ್ನ ಪಾಲೂ ಇತ್ತು. ಗಂಟೆ ಹೊಡೆದವನು ಇವನು, ಆದರೆ ಅವಳನ್ನು ಆ ಬಾಗಿಲಿಗೆ ಕಳಿಸಿದವನು ನಾನು. ದಾಟುವವರಿಗಿಂತ ಮುಂಚೆ ಆಚೆ ತುದಿ ಸೇರಲು ಅವಳು ಕೆಳಗೆ ಹೋದಳು ಅಂತ ಇವನು ತಿಳಿದಿರಬಹುದು ಅಂದುಕೊಂಡು ನಾನು ದಿನ ದೂಡುತ್ತಿದ್ದೆ. ಹೇಳಿದರೆ ಇದ್ದ ಒಬ್ಬ ಮಾವನನ್ನೂ ಕಳೆದುಕೊಳ್ಳುತ್ತೇನೆಂಬ ಹೆದರಿಕೆ. ಒಂದು ಮಧ್ಯಾಹ್ನ ಅನ್ನ ಕಲಸಿ ಮುಂದಿಟ್ಟೆ. ಅವನು ಮುಟ್ಟಲಿಲ್ಲ. ಇನ್ನು ತಡೆಯಲಾಗಲಿಲ್ಲ.

"ಮಾವ, ಅತ್ತೇನ ಅಲ್ಲಿಗೆ ಕಳ್ಸಿದ್ದು ನಾನು. ಮಧ್ಯದ್ದಕ್ಕೆ ಹೋಗು, ನೀರಿದೆ ಅಂದೆ. ಆ ಬಾಗಿಲು ಸರಿಯಿಲ್ಲ ಅಂತ ನಂಗೆ ಮೊದ್ಲೇ ಗೊತ್ತಿತ್ತು. ಗಂಟೆದು ತಪ್ಪಲ್ಲ. ನಂದು."

ಅವನು ಬಾವುಟದಿಂದ ಕಣ್ಣು ತೆಗೆಯಲಿಲ್ಲ.

"ಗೊತ್ತು ಕಣೋ," ಅಂದ. "ಹೋಗೋವಾಗ ನಂಗೆ ಹೇಳೇ ಹೋದ್ಳು. ಮಧ್ಯದ ಬಾತ್‌ರೂಮಿಗೆ ಹೋಗ್ತಿದ್ದೀನಿ, ನಾನು ಬರೋವರ್ಗೂ ಗಂಟೆ ಹೊಡೀಬೇಡ ಅಂದ್ಳು. ಹೂಂ ಅಂದೆ."

ಅವನು ಬಲಗೈಯನ್ನು ತಿರುಗಿಸಿ ಅಂಗೈ ನೋಡಿಕೊಂಡ.

"ವಿಸಿಲ್ ಊದಿದ್ರು, ಹೊಡ್ದೆ. ಮರೆತು ಅಲ್ಲ. ಮೂವತ್ತೈದು ವರ್ಷ ಗಂಟೆ ಹೊಡ್ದಿದ್ದೀನಿ, ಒಂದು ಸಲಾನೂ ಅವಳು ಎಲ್ಲಿದ್ದಾಳೆ ಅಂತ ಕೇಳ್ಕೊಂಡು ಹೊಡ್ದೋನಲ್ಲ. ಮನೇಲಿರ್ತಾಳೆ ಅಂತ ಈ ಕೈಗೆ ಗೊತ್ತಿತ್ತು."